ಕಾಗದದ ಮೇಲಿನ ತಾರೀಕು



ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿ ನಿಮಗೆ ಗೊತ್ತು. ಹೊಯ್ಸಳರ ಕಾಲದ ಪಂಚಲಿಂಗೇಶ್ವರ ಗುಡಿ ಇರುವ ಊರು. ಈ ತಾಲ್ಲೂಕಿನಿಂದ ದುಡಿಮೆಗೆ ಮುಂಬಯಿಗೆ ಹೋದವರು ಬಹಳ ಮಂದಿ. ಮುಂಬಯಿಗೆ ಹೋಗೋಕೆ ಯಾರ ಅಪ್ಪಣೆ ಬೇಕು? ರೈಲು ಹತ್ತಿದರೆ ಆಯಿತು. ಹತ್ತು ವರ್ಷ ಅಲ್ಲೇ ಇದ್ದರೂ "ಯಾಕೆ ಇದ್ದೀಯ? ಯಾವಾಗ ಹೋಗ್ತೀಯ?" ಎಂದು ಕೇಳುವವರಿಲ್ಲ. ಅದು ನಮ್ಮ ದೇಶ.

ಪರದೇಶ ಹಾಗಲ್ಲ. ಅಲ್ಲಿ ಇರುವ ಒಂದೊಂದು ದಿನಕ್ಕೂ ಲೆಕ್ಕ ಉಂಟು.

"ನಮಗ್ಯಾಕೆ ಪರದೇಶದ ಮಾತು?" ಎನ್ನಬೇಡಿ. ಈಗ ನಮ್ಮ ಹಳ್ಳಿಗಳ ಮಕ್ಕಳೂ ಓದಿ, ಕೆಲಸ ಹಿಡಿದು ಅಮೆರಿಕಕ್ಕೆ, ಇಂಗ್ಲೆಂಡಿಗೆ ಹೋಗುತ್ತಾರೆ. ಮೊದಲು ಬಾಣಂತನಕ್ಕೆ ಮಗಳು ತವರಿಗೆ ಬರುತ್ತಿದ್ದಳು. ಈಗ ತಾಯಿಯೇ ವಿಮಾನ ಹತ್ತಿ ಮಗಳ ಹತ್ತಿರ ಹೋಗುತ್ತಾಳೆ. ಮೆಣಸು, ಓಮ, ಅಂಟಿನುಂಡೆ ಎಲ್ಲ ಗಂಟು ಕಟ್ಟಿಕೊಂಡು.

ಈ ಪಾಠದಲ್ಲಿ ಅಂಥ ಒಬ್ಬ ತಾಯಿ ಬರುತ್ತಾರೆ. ಅವರನ್ನು ದೊಡ್ಡಮ್ಮ ಎಂದು ಕರೆಯೋಣ. ಇವರು ನಿಜವಾದ ಒಬ್ಬರಲ್ಲ. ಓದಲು ಅನುಕೂಲವಾಗಲಿ ಎಂದು ಮುಂದೆ ಇಟ್ಟುಕೊಂಡವರು. ಆದರೆ 2020ರಲ್ಲಿ ಹೀಗೆ ಸಿಕ್ಕಿಕೊಂಡ ತಾಯಂದಿರು ತುಂಬಾ ಜನ. ಕಾಯಿದೆ, ತಾರೀಕು ಎಲ್ಲ ನಿಜ.

ಮೂರು ಕಾಗದ

ದೊಡ್ಡಮ್ಮ ಮೊದಲು ಪಾಸ್‌ಪೋರ್ಟ್ ಮಾಡಿಸಿದರು. ಪಾಸ್‌ಪೋರ್ಟ್ ಎಂದರೆ ನಮ್ಮ ಸರ್ಕಾರ ಕೊಡುವ ಚಿಕ್ಕ ಪುಸ್ತಕ. "ಇವರು ನಮ್ಮ ದೇಶದವರು" ಎಂದು ಅದು ಹೇಳುತ್ತದೆ. ಹಿಂದೆ ಇದಕ್ಕೆ ಬೆಂಗಳೂರಿಗೇ ಅಲೆಯಬೇಕಿತ್ತು. 2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಶುರುವಾಯಿತು. ದೊಡ್ಡಮ್ಮ ಅಲ್ಲಿಗೆ ಹೋದರು. ಹೆಬ್ಬೆಟ್ಟು ಒತ್ತಲಿಲ್ಲ. ಕೂತು, ನಿಧಾನವಾಗಿ ತಮ್ಮ ಹೆಸರು ಬರೆದರು.

ಎರಡನೆಯದು ವೀಸಾ. ಇದನ್ನು ಕೊಡುವುದು ನಾವು ಹೋಗುವ ದೇಶ. ಅಮೆರಿಕದವರು ದೊಡ್ಡಮ್ಮನನ್ನು ಚೆನ್ನೈನ ತಮ್ಮ ಕಚೇರಿಗೆ ಕರೆಸಿ ಮಾತಾಡಿಸಿದರು. ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿಸಿ ಕೊಟ್ಟರು. ಭೇಟಿಗೆ ಹೋಗುವವರ ವೀಸಾ ಅದು. ಅದರ ಮೇಲೆ ಹತ್ತು ವರ್ಷ ಎಂದು ಇತ್ತು.

"ಹತ್ತು ವರ್ಷ ಇರಬೌದಂತೆ!" ಎಂದು ಓಣಿಯೆಲ್ಲ ಸುದ್ದಿ ಆಯಿತು. ತಪ್ಪು, ಅಕ್ಕ. ಎಲ್ಲರೂ ಎಡವುವುದು ಇಲ್ಲೇ. ವೀಸಾ ಎಂದರೆ ಬಾಗಿಲಿಗೆ ಬಂದು ಕೇಳಲು ಕೊಟ್ಟ ಅಪ್ಪಣೆ. ಹತ್ತು ವರ್ಷದೊಳಗೆ ಹಲವು ಸಲ ಬಂದು ಕೇಳಬಹುದು. ಒಳಗೆ ಎಷ್ಟು ದಿನ ಇರಬೇಕು ಎನ್ನುವುದು ಬೇರೆ ಮಾತು.

ಅದನ್ನು ಹೇಳುವುದು ಮೂರನೆಯ ಕಾಗದ. ಅದರ ಹೆಸರು ಐ-94. ವಿಮಾನ ಇಳಿದ ಮೇಲೆ ವಲಸೆ ಅಧಿಕಾರಿ ಪಾಸ್‌ಪೋರ್ಟ್ ನೋಡುತ್ತಾರೆ. ಬೆರಳಚ್ಚು ತೆಗೆಯುತ್ತಾರೆ. ಓದಿದವರು, ಓದದವರು ಎಂದಿಲ್ಲ. ಹತ್ತು ಬೆರಳನ್ನೂ ಒತ್ತಿಸುತ್ತಾರೆ! ಹೆಬ್ಬೆಟ್ಟು ಬಿಟ್ಟೆ ಎಂದು ಬೀಗಿದ್ದ ದೊಡ್ಡಮ್ಮನಿಗೆ ನಗು ಬಂತು. ಆಮೇಲೆ ಅಧಿಕಾರಿ, ಇಂಥ ದಿನದವರೆಗೆ ಇರಬಹುದು ಎಂದು ತಾರೀಕು ಹಾಕುತ್ತಾರೆ. ಭೇಟಿಗೆ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು. ಈ ತಾರೀಕು ಕಂಪ್ಯೂಟರಿನಲ್ಲಿ ಇರುತ್ತದೆ. ಅದನ್ನು ತೆಗೆಸಿ, ಅಚ್ಚು ಹಾಕಿಸಿ ಇಟ್ಟುಕೊಳ್ಳಬೇಕು.

ದೊಡ್ಡಮ್ಮ ಇಳಿದದ್ದು 2019ರ ಅಕ್ಟೋಬರ್ 9ರಂದು. ವಾಪಸು ಟಿಕೆಟ್ ಇದ್ದದ್ದು 2020ರ ಏಪ್ರಿಲ್ 2ಕ್ಕೆ. ಮಗಳಿಗೆ ಹೆರಿಗೆ ಆಯಿತು. ಗಂಡು ಮಗು. ಎಣ್ಣೆ ನೀರು, ಹೊಗೆ, ಪಥ್ಯ ಎಲ್ಲ ಸಾಂಗವಾಗಿ ನಡೆಯಿತು.

ವಿಮಾನ ನಿಂತಿತು

2020ರಲ್ಲಿ ಕೊರೊನಾ ಬಂತು. ಮಾರ್ಚ್ 22ರಿಂದ ಹೊರದೇಶದ ಪ್ರಯಾಣಿಕರ ವಿಮಾನ ನಮ್ಮ ದೇಶದಲ್ಲಿ ಇಳಿಯುವಂತಿಲ್ಲ ಎಂದು ಸರ್ಕಾರ ಹೇಳಿತು. ಮೊದಲು ಒಂದು ವಾರ ಎಂದರು. ವಾರ ತಿಂಗಳಾಯಿತು. ಏಪ್ರಿಲ್ 2ರ ಟಿಕೆಟ್ ಕಾಗದವಾಗಿಯೇ ಉಳಿಯಿತು.

ಒಂದು ಸಂಜೆ ದೊಡ್ಡಮ್ಮ ಆ ಐ-94 ಕಾಗದ ತೆಗೆದು ನೋಡಿದರು. ಇಂಗ್ಲಿಷ್ ಅಕ್ಷರ ಬಾರದು. ಅಂಕಿ ಬರುತ್ತದೆ. ಕಾಗದದ ಮೇಲೆ ಹೀಗಿತ್ತು:

04/08/2020

"ಆಗಸ್ಟ್ ನಾಕನೇ ತಾರೀಕು. ಇನ್ನೂ ನಾಕು ತಿಂಗಳೈತೆ ಕಣವ್ವ. ಯಾಕೆ ಗಾಬರಿ?" ಎಂದರು ಮಗಳಿಗೆ.

ಮಗಳು ಕಾಗದ ಇಸಿದುಕೊಂಡು ನೋಡಿದಳು. ಮುಖ ಸಪ್ಪಗಾಯಿತು.

"ಅವ್ವ, ಇದು ಆಗಸ್ಟ್ ನಾಕಲ್ಲ. ಏಪ್ರಿಲ್ ಎಂಟು. ಇಲ್ಲಿಯವರು ತಿಂಗಳು ಮೊದಲು ಬರೀತಾರೆ, ದಿನ ಆಮೇಲೆ."

"ಅಯ್ಯೋ, ಇದೇನವ್ವ ಇವರ ಲೆಕ್ಕ!"

ಲೆಕ್ಕ ತಲೆಕೆಳಗಾಗಿಯೇ ಇದೆ. ಆದರೆ ಅವರ ಕಾಗದ, ಅವರ ರೀತಿ. ನಾವು ದಿನ, ತಿಂಗಳು, ವರ್ಷ ಎಂದು ಬರೆಯುತ್ತೇವೆ. ಅಮೆರಿಕದವರು ತಿಂಗಳು, ದಿನ, ವರ್ಷ ಎಂದು ಬರೆಯುತ್ತಾರೆ. ಇದನ್ನು ಮರೆತು ಆಗಸ್ಟ್‌ವರೆಗೆ ಸುಮ್ಮನೆ ಕೂತಿದ್ದರೆ ದೊಡ್ಡಮ್ಮ ಗಡುವು ಮೀರಿದವರಾಗುತ್ತಿದ್ದರು.

ಗಡುವು ಮೀರಿದರೆ ಏನು? ಒಂದು ದಿನ ಮೀರಿದರೂ ಪಾಸ್‌ಪೋರ್ಟಿನಲ್ಲಿರುವ ಹತ್ತು ವರ್ಷದ ವೀಸಾ ಕೆಡುತ್ತದೆ. 180 ದಿನಕ್ಕಿಂತ ಹೆಚ್ಚು ಮೀರಿ ಇದ್ದು ಊರಿಗೆ ಬಂದರೆ ಮೂರು ವರ್ಷ ಮತ್ತೆ ಕಾಲಿಡುವಂತಿಲ್ಲ. ಒಂದು ವರ್ಷ ಮೀರಿದರೆ ಹತ್ತು ವರ್ಷ. ಮೊಮ್ಮಗನ ತೊದಲು ಮಾತು, ಶಾಲೆ, ಎಲ್ಲ ಫೋನಿನಲ್ಲೇ.

ತುರ್ತು ಅವಧಿ ಎಂದರೆ ಏನು?

ಮಗಳು ತಡ ಮಾಡಲಿಲ್ಲ. ಏಪ್ರಿಲ್ 8 ಬರುವ ಮೊದಲೇ ಇನ್ನೂ ಆರು ತಿಂಗಳು ಇರಲು ಅರ್ಜಿ ಹಾಕಿಸಿದಳು. ಆ ಅರ್ಜಿಯ ಹೆಸರು ಐ-539. ವಿಮಾನ ನಿಂತಿದೆ, ಟಿಕೆಟ್ ರದ್ದಾಗಿದೆ ಎಂದು ಕಾರಣ ಬರೆದರು. ರದ್ದಾದ ಟಿಕೆಟ್ಟನ್ನೂ ಜೊತೆಗೆ ಇಟ್ಟರು. ದೊಡ್ಡಮ್ಮ ಕೆಳಗೆ ಸಹಿ ಮಾಡಿದರು. ರಶೀದಿ ಬಂತು.

ಆಗ ಅಲ್ಲಿಯ ವಲಸೆ ಕಚೇರಿಗಳೂ ಮುಚ್ಚಿದ್ದವು. ಮಾರ್ಚ್ 18ರಿಂದ ಜೂನ್ ಮೊದಲ ವಾರದವರೆಗೆ ಜನ ಒಳಗೆ ಹೋಗುವಂತಿರಲಿಲ್ಲ. ಅರ್ಜಿ ಅಂಚೆಯಲ್ಲಿ, ಕಂಪ್ಯೂಟರಿನಲ್ಲಿ ಹೋಗುತ್ತಿತ್ತು. ಉತ್ತರ ಬರಲು ತಿಂಗಳುಗಳು ಬೇಕಿತ್ತು. ಆದರೂ ಗಡುವಿನೊಳಗೆ ಅರ್ಜಿ ಹಾಕಿದವರು ಉತ್ತರ ಬರುವವರೆಗೆ ಕಾಯಬಹುದು. ಆ ಕಾಯುವ ದಿನಗಳನ್ನು ಗಡುವು ಮೀರಿದ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದಕ್ಕೇ ಆ ರಶೀದಿಯನ್ನು ದೊಡ್ಡಮ್ಮ ಪಾಸ್‌ಪೋರ್ಟಿನೊಳಗೆ ಮಡಿಸಿ ಇಟ್ಟುಕೊಂಡರು.

ಇಂಗ್ಲೆಂಡಿನಲ್ಲೂ ಹೀಗೇ ಆಯಿತು. ಸಿಕ್ಕಿಕೊಂಡವರಿಗೆ ಮೊದಲು ಮೇ 31, ಆಮೇಲೆ ಜುಲೈ 31 ಎಂದು ಅವಧಿ ಹೆಚ್ಚಿಸಿದರು. ದುಬೈ ಇರುವ ಅರಬ್ ಎಮಿರೇಟ್ಸ್ ದೇಶದಲ್ಲಿ ಮೊದಲು ವರ್ಷದ ಕೊನೆಯವರೆಗೆ ಇರಬಹುದು ಎಂದರು. ಜುಲೈನಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಭೇಟಿಗೆ ಬಂದವರು ಹೊರಡಿ ಎಂದು ಮತ್ತೆ ಗಡುವು ಹಾಕಿದರು. ನೋಡಿ, ಕೊಟ್ಟ ಕೈಯೇ ತೆಗೆದುಕೊಂಡೀತು. ತುರ್ತು ಅವಧಿ ಎಂದರೆ ಮಳೆ ನಿಲ್ಲುವವರೆಗೆ ಪಕ್ಕದ ಮನೆಯ ಜಗಲಿಯಲ್ಲಿ ನಿಂತ ಹಾಗೆ. ನಿಂತವರಿಗೆ ಆ ಮನೆಯಲ್ಲಿ ಪಾಲು ಬರುವುದಿಲ್ಲ.

ಇನ್ನೊಂದು ಮಾತು. ಭೇಟಿಗೆ ಹೋದವರು ಅಲ್ಲಿ ದುಡಿಯುವಂತಿಲ್ಲ. ಅವಧಿ ಹೆಚ್ಚಾದರೂ ಇಲ್ಲ. ಮಗಳ ಪರಿಚಯದವರು ಯಾರೋ, "ನಮ್ಮ ಮಗೂನೂ ನೋಡಿಕೊಳ್ಳಿ ಅಮ್ಮ, ತಿಂಗಳಿಗೆ ಇಷ್ಟು ಕೊಡ್ತೀವಿ" ಎನ್ನಬಹುದು. ಒಪ್ಪಬಾರದು. ನಮ್ಮ ಕಣ್ಣಿಗೆ ಅದು ಸಹಾಯ. ಅವರ ಕಾಯಿದೆಗೆ ಅದು ಕೂಲಿ.

"ಇಲ್ಲೇ ಇದ್ದುಬಿಡಲಾ?"

ದಿನ ಕಳೆಯಿತು. ಮಗು ಅಜ್ಜಿಗೆ ಅಂಟಿಕೊಂಡಿತು. ದೊಡ್ಡಮ್ಮನಿಗೆ ಯಜಮಾನರಿಲ್ಲ. ಊರಲ್ಲಿ ಒಂದು ಮನೆ, ಒಂದೂವರೆ ಎಕರೆ ಗದ್ದೆ. ಗದ್ದೆಯನ್ನು ಮೈದುನ ನೋಡಿಕೊಳ್ಳುತ್ತಿದ್ದರು.

"ಹೆಂಗೂ ಆರು ತಿಂಗಳು ಕೊಟ್ಟವರೆ. ಇಲ್ಲೇ ಇದ್ದುಬಿಡಲಾ? ಮಗ ಇಲ್ಲೇ ಹುಟ್ಟೈತೆ. ಇಲ್ಲಿಯವನೇ ಅಲ್ವಾ?" ಎಂದು ಕೇಳಿದರು.

ಇದು ನ್ಯಾಯವಾದ ಪ್ರಶ್ನೆ. ಹಾಗಾಗಿ ಸ್ವಲ್ಪ ನಿಂತು ಓದಿ.

ಅಲ್ಲಿ ಕಾಯಂ ಇರಲು ಬೇರೆ ಅರ್ಜಿ, ಬೇರೆ ಬಾಗಿಲು. ಹಾಗೆ ಇರಲು ಕೊಡುವ ಚೀಟಿಗೆ ಗ್ರೀನ್ ಕಾರ್ಡ್ ಎನ್ನುತ್ತಾರೆ. ತುರ್ತು ಅವಧಿಯನ್ನು ಎಷ್ಟು ಸಲ ಹೆಚ್ಚಿಸಿದರೂ ಅದು ಗ್ರೀನ್ ಕಾರ್ಡ್ ಆಗುವುದಿಲ್ಲ. ತಾಯಿಗೆ ಗ್ರೀನ್ ಕಾರ್ಡ್ ಕೇಳಬೇಕಾದರೆ ಮಗ ಅಥವಾ ಮಗಳು ಅಮೆರಿಕದ ಪ್ರಜೆ ಆಗಿರಬೇಕು. ಅವರಿಗೆ 21 ವರ್ಷ ತುಂಬಿರಬೇಕು.

ದೊಡ್ಡಮ್ಮನ ಮಗಳು ಇದ್ದದ್ದು ಕೆಲಸದ ವೀಸಾ ಮೇಲೆ. ಎಚ್-1ಬಿ ಎನ್ನುತ್ತಾರೆ. "ನಾನೇ ಇಲ್ಲಿ ಮೂರು ವರ್ಷಕ್ಕೊಂದು ಸಲ ಕಾಗದ ಹಿಡಿದು ನಿಲ್ತೀನಿ ಅವ್ವ. ನಿನ್ನನ್ನ ಹೆಂಗೆ ಇಟ್ಕೊಳ್ಳಲಿ?" ಎಂದಳು. ಅವಳಿಗೆ ಗ್ರೀನ್ ಕಾರ್ಡ್ ಇದ್ದಿದ್ದರೂ ಸಾಲುತ್ತಿರಲಿಲ್ಲ. ಗ್ರೀನ್ ಕಾರ್ಡ್ ಇರುವವರು ಗಂಡ, ಹೆಂಡತಿ, ಮದುವೆಯಾಗದ ಮಕ್ಕಳಿಗೆ ಕೇಳಬಹುದು. ತಾಯಿ ತಂದೆಗೆ ಕೇಳುವಂತಿಲ್ಲ. ಅಳಿಯ ಅಮೆರಿಕದ ಪ್ರಜೆ ಆಗಿದ್ದರೆ? ಅತ್ತೆಗೆ ಅವನ ಲೆಕ್ಕದಲ್ಲಿ ಸಿಗದು. ಮಗಳೇ ಪ್ರಜೆ ಆಗಬೇಕು.

ಮೊಮ್ಮಗ? 2019ರಲ್ಲಿ ಅಲ್ಲಿ ಹುಟ್ಟಿದ್ದರಿಂದ ಅವನು ಹುಟ್ಟುತ್ತಲೇ ಅಮೆರಿಕದ ಪ್ರಜೆ. (ಭೇಟಿಗೆ, ಕೆಲಸಕ್ಕೆ ಬಂದವರ ಮಕ್ಕಳಿಗೆ ಇದು ಬೇಡ ಎಂದು 2025ರಲ್ಲಿ ಅಲ್ಲಿಯ ಅಧ್ಯಕ್ಷರು ಆದೇಶ ಹೊರಡಿಸಿದರು. ಅದು ಕೋರ್ಟಿಗೆ ಹೋಯಿತು.) ಅವನಿಗೆ 21 ತುಂಬಿದರೆ ತನ್ನ ಅಪ್ಪ ಅಮ್ಮನಿಗೆ ಕೇಳಬಹುದು. ಅಜ್ಜಿಗೆ ಕೇಳುವ ದಾರಿ ಆಗಲೂ ಇಲ್ಲ. ಇದನ್ನು ಕೇಳಿ ದೊಡ್ಡಮ್ಮ ಬಹಳ ಹೊತ್ತು ಸುಮ್ಮನಿದ್ದರು. ಎಣ್ಣೆ ಹಚ್ಚಿ ನೀರೆರೆದ ಕೈಗೆ ಆ ಕಾಯಿದೆಯಲ್ಲಿ ಜಾಗವಿಲ್ಲ.

ಇನ್ನೊಬ್ಬ ತಾಯಿ

ನಾಗಮಂಗಲದ ಕಡೆಯ ಇನ್ನೊಬ್ಬ ತಾಯಿಯನ್ನು ನೆನೆಸಿಕೊಳ್ಳಿ. ಅವರೂ ಭೇಟಿಗೆ ಹೋಗಿ ಸಿಕ್ಕಿಕೊಂಡವರೇ. ಅವರೂ ಗಡುವಿನೊಳಗೆ ಅವಧಿ ಹೆಚ್ಚಿಸಿಕೊಂಡರು. ಆದರೆ ಅವರ ಮಗ ಅಲ್ಲಿ ಬಹಳ ವರ್ಷದಿಂದ ಇದ್ದು ಪ್ರಜೆ ಆಗಿದ್ದ. ಹಾಗಾಗಿ ಅವರಿಗೆ ದಾರಿ ಇತ್ತು.

ಮಗ ಎರಡು ಅರ್ಜಿ ಸೇರಿಸಿ ಹಾಕಿದ. ಒಂದು ಐ-130. "ಇವರು ನನ್ನ ತಾಯಿ" ಎಂದು ಮಗ ಹೇಳುವ ಅರ್ಜಿ. ಇನ್ನೊಂದು ಐ-485. "ನಾನು ಊರಿಗೆ ಹೋಗದೆ ಇಲ್ಲಿಂದಲೇ ಕಾಯಂ ಆಗುತ್ತೇನೆ" ಎಂದು ತಾಯಿ ಕೇಳುವ ಅರ್ಜಿ. ತಾಯಿಯ ಹೊಟ್ಟೆ ಬಟ್ಟೆಗೆ ನಾನೇ ಹೊಣೆ ಎಂದು ಮಗ ಬರೆದು ಕೊಡಬೇಕಾಯಿತು. ಮಗನ ಜನನ ಪತ್ರದಲ್ಲಿ ತಾಯಿಯ ಹೆಸರು ಬೇಕು. ಅದು ಪಾಸ್‌ಪೋರ್ಟಿನಲ್ಲಿರುವ ಹೆಸರಿಗೆ ಹೊಂದಬೇಕು. ಹಳೆಯ ಕಾಗದದಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ನಮ್ಮಲ್ಲಿ ಇದು ಮನೆ ಮನೆಯ ಪಾಡು. ಆ ಅಮ್ಮನಿಗೂ ಹಾಗೇ ಆಯಿತು. ಊರಲ್ಲಿ ಯಾರೋ ತಾಲ್ಲೂಕು ಕಚೇರಿಗೆ ಅಲೆದು, ಅಫಿಡವಿಟ್ ಮಾಡಿಸಿ ಕಳಿಸಬೇಕಾಯಿತು.

ವಕೀಲರು ಆ ಅಮ್ಮನನ್ನು ಒಂದು ಪ್ರಶ್ನೆ ಕೇಳಿದರು: "ಬರುವಾಗಲೇ ಇಲ್ಲಿ ನಿಲ್ಲುವ ಮನಸ್ಸಿತ್ತೇ?" ಇದು ಕೊಕ್ಕೆಯ ಪ್ರಶ್ನೆ ಅಲ್ಲ, ಮುಖ್ಯ ಪ್ರಶ್ನೆ. ಇಳಿಯುವಾಗ ಅಧಿಕಾರಿಯ ಮುಂದೆ "ನೋಡಿಕೊಂಡು ಹೋಗ್ತೀನಿ" ಎಂದು ಹೇಳಿ, ಮನಸ್ಸಿನಲ್ಲಿ ನಿಲ್ಲುವ ಯೋಚನೆ ಇಟ್ಟುಕೊಂಡಿದ್ದರೆ ಅದು ಸುಳ್ಳು ಹೇಳಿದ ಹಾಗೆ. ಕಾರ್ಡು ಸಿಗದೆ ಹೋಗಬಹುದು. ಬಂದ ಮೇಲೆ ಸಂಗತಿ ಬದಲಾಗಿ ಮನಸ್ಸು ಬದಲಾದರೆ ಆ ಮಾತು ಬೇರೆ. ಆ ಅಮ್ಮನದು ಎರಡನೆಯದು.

ಅರ್ಜಿ ಹೋಯಿತು. ಇಲ್ಲೊಂದು ಕಷ್ಟದ ನಿಯಮ ಇದೆ. ಐ-485 ಹಾಕಿ ಕಾಯುವಾಗ ದೇಶ ಬಿಟ್ಟು ಹೊರಟರೆ ಅರ್ಜಿ ಬಿದ್ದು ಹೋಗುತ್ತದೆ. ಹೋಗಿ ಬರಲು ಮುಂಗಡ ಅಪ್ಪಣೆ ಪತ್ರ ಕೈಯಲ್ಲಿರಬೇಕು. ಆ ಪತ್ರಕ್ಕೂ ಬೇರೆ ಅರ್ಜಿ, ಬೇರೆ ಕಾಯುವಿಕೆ.

ನವೆಂಬರ್‌ನಲ್ಲಿ ಪಾಂಡವಪುರದಲ್ಲಿದ್ದ ಅವರ ಅಣ್ಣ ತೀರಿಕೊಂಡರು. ತಾಯಿ ಇಲ್ಲದ ತವರಿಗೆ ಅಣ್ಣನೇ ತವರು. ಅಪ್ಪಣೆ ಪತ್ರ ಇನ್ನೂ ಬಂದಿರಲಿಲ್ಲ.

ಮಗ ಹೇಳಿದ: "ಹೋಗೋದಾದ್ರೆ ಹೋಗವ್ವ. ನಾನು ಬ್ಯಾಡ ಅನ್ನಲ್ಲ. ಆದ್ರೆ ಈ ಅರ್ಜಿ ಹೋಯ್ತದೆ. ಮತ್ತೆ ಮೊದಲಿಂದ."

ಆ ಅಮ್ಮ ಹೋಗಲಿಲ್ಲ. ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದರು. ಫೋನು ಹಿಡಿದ ಹುಡುಗನ ಕೈ ನಡುಗುತ್ತಿತ್ತಂತೆ. ಅಣ್ಣನ ಮುಖ ಸರಿಯಾಗಿ ಕಾಣಲಿಲ್ಲ.

ಮುಂದಿನ ವರ್ಷ ಕಾರ್ಡು ಬಂತು. ಕಾರ್ಡು ಬಂದ ಮೇಲೂ ಕಟ್ಟು ಇದೆ. ಗ್ರೀನ್ ಕಾರ್ಡ್ ಇರುವವರ ಮನೆ ಅಮೆರಿಕವೇ ಎಂದು ಕಾಯಿದೆ ತಿಳಿಯುತ್ತದೆ. ಊರಿಗೆ ಬಂದು ಆರು ತಿಂಗಳು ಮೀರಿ ನಿಂತರೆ ಪ್ರಶ್ನೆ ಕೇಳುತ್ತಾರೆ. ಮೊದಲೇ ಅಪ್ಪಣೆ ಪಡೆಯದೆ ಒಂದು ವರ್ಷ ಮೀರಿದರೆ ಆ ಕಾರ್ಡು ಹಿಡಿದು ಮತ್ತೆ ಒಳಗೆ ಹೋಗುವುದು ಕಷ್ಟ. ರಾಗಿ ಕುಯ್ಲಿಗೆ ಬಂದು, ಹಬ್ಬ ಮುಗಿಸಿ, ಮುಂದಿನ ಕುಯ್ಲಿಗೆ ಹೋಗೋಣ ಎನ್ನುವಂತಿಲ್ಲ.

ಆದರೆ ಇದನ್ನೂ ತಿಳಿಯಿರಿ. ಗ್ರೀನ್ ಕಾರ್ಡ್ ಸಿಕ್ಕರೂ ಅವರು ನಮ್ಮ ದೇಶದ ಪ್ರಜೆಯೇ. ಪಾಸ್‌ಪೋರ್ಟ್ ನಮ್ಮದೇ. ಪಹಣಿಯಲ್ಲಿ ಹೆಸರು ಹಾಗೇ ಇರುತ್ತದೆ. "ಅಕ್ಕ ಅಮೆರಿಕದವಳಾದ್ಲು, ಗದ್ದೆ ನಮ್ಮ ಹೆಸರಿಗೆ ಮಾಡಿಕೊಡಲಿ" ಎಂದು ಯಾರಾದರೂ ಕಾಗದ ತಂದರೆ ಓದದೆ ಸಹಿ ಹಾಕಬೇಡಿ. ಮುಂದೆ ಅಮೆರಿಕದ ಪ್ರಜೆಯೇ ಆದರೆ ಮಾತ್ರ ನಮ್ಮ ಪ್ರಜೆತನ ಹೋಗುತ್ತದೆ. ಆಗ ಇಲ್ಲಿ ಓಟು ಇಲ್ಲ. ಹೊಸದಾಗಿ ಹೊಲ ಗದ್ದೆ ಕೊಳ್ಳುವಂತಿಲ್ಲ.

ದೊಡ್ಡಮ್ಮ ಬಂದರು

ದೊಡ್ಡಮ್ಮನ ಕಥೆಗೆ ಬರೋಣ. 2020ರ ಮೇ 7ರಿಂದ ನಮ್ಮ ಸರ್ಕಾರ ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರಲು ವಿಮಾನ ಬಿಟ್ಟಿತು. ವಂದೇ ಭಾರತ್ ಎಂದು ಅದರ ಹೆಸರು. ಟಿಕೆಟ್ ಖರ್ಚು ಹೋಗುವವರದೇ. ಬಸುರಿಯರಿಗೆ, ವಯಸ್ಸಾದವರಿಗೆ, ಕಾಯಿಲೆಯವರಿಗೆ, ವೀಸಾ ಮುಗಿಯುತ್ತಾ ಬಂದವರಿಗೆ ಮೊದಲು ಜಾಗ. ದೊಡ್ಡಮ್ಮನ ಸರದಿ ಬಂದದ್ದು ಜುಲೈನಲ್ಲಿ.

ಮಗುವನ್ನೂ ಕರೆದುಕೊಂಡು ಹೋಗು, ನಾವು ಆಮೇಲೆ ಬರ್ತೀವಿ ಎಂದು ಮಗಳು ಅಂದಿದ್ದಳು. ಇಲ್ಲೂ ಕಾಗದ ಅಡ್ಡ ಬಂತು. ಮಗು ಅಮೆರಿಕದ ಪ್ರಜೆ. ನಮ್ಮ ದೇಶಕ್ಕೆ ಅದು ಪರದೇಶಿ! ಗೋವಿಂದನಹಳ್ಳಿಗೆ ಬರಲು ಮೊಮ್ಮಗನಿಗೆ ವೀಸಾ ಬೇಕು. ಇಲ್ಲವೇ ಓಸಿಐ ಕಾರ್ಡು ಬೇಕು. ನಮ್ಮ ಸಂತಾನದ ಪರದೇಶಿ ಪ್ರಜೆಗಳಿಗೆ ಭಾರತ ಸರ್ಕಾರ ಕೊಡುವ ಚೀಟಿ ಅದು. ಅದಿದ್ದರೆ ಜೀವನಪೂರ್ತಿ ಬಂದು ಹೋಗಬಹುದು. ಕೊರೊನಾ ಬಂದಾಗ ಮಾರ್ಚ್‌ನಲ್ಲಿ ಓಸಿಐ ಇದ್ದವರನ್ನೂ ತಡೆದಿದ್ದರು. ಅಪ್ಪ ಅಮ್ಮನಿಗೆ ನಮ್ಮ ಪಾಸ್‌ಪೋರ್ಟ್, ಕಂಕುಳಲ್ಲಿರುವ ಕೂಸಿಗೆ ಅಮೆರಿಕದ್ದು. ಅಪ್ಪ ಅಮ್ಮ ವಿಮಾನ ಹತ್ತಬಹುದು, ಕೂಸು ಹತ್ತುವಂತಿಲ್ಲ. ಅಂಥ ಕಷ್ಟ ಬಂದಿತ್ತು. ಮೇ 22ರಂದು ಸರ್ಕಾರ, ಓಸಿಐ ಇರುವ ಅಂಥ ಚಿಕ್ಕ ಮಕ್ಕಳು ಬರಬಹುದು ಎಂದಿತು. ದೊಡ್ಡಮ್ಮನ ಮೊಮ್ಮಗನಿಗೆ ಓಸಿಐ ಇನ್ನೂ ಮಾಡಿಸಿರಲಿಲ್ಲ. ದೊಡ್ಡಮ್ಮ ಒಬ್ಬರೇ ಬಂದರು.

ಬೆಂಗಳೂರಿನಲ್ಲಿ ಏಳು ದಿನ ಹೋಟೆಲ್ಲಿನಲ್ಲಿ ಬೇರೆ ಇರಿಸಿದರು. ಆಮೇಲೆ ಊರು. ಆ ಹೊತ್ತಿಗೆ ಮುಂಬಯಿಯಿಂದ ಬಂದ ತಾಲ್ಲೂಕಿನ ಜನರನ್ನೂ ಬೇರೆ ಇರಿಸಿ ಕಳಿಸಿದ್ದರು. ಕ್ವಾರಂಟೈನ್ ಎನ್ನುವ ಮಾತು ಊರ ಬಾಯಲ್ಲಿ ಪಳಗಿತ್ತು.

ಆ ದಿನಗಳಲ್ಲಿ ನಮ್ಮ ದೇಶದಲ್ಲೂ ಪರದೇಶದವರು ಸಿಕ್ಕಿಕೊಂಡಿದ್ದರು. ಅಜ್ಜಿ ಮನೆಗೆ ಬಂದಿದ್ದ ಅಮೆರಿಕ ಪಾಸ್‌ಪೋರ್ಟಿನ ಮಕ್ಕಳೂ ಇದ್ದರು. ಅವರ ವೀಸಾವನ್ನು ನಮ್ಮ ಸರ್ಕಾರ ದುಡ್ಡು, ದಂಡ ಇಲ್ಲದೆ ಹೆಚ್ಚಿಸುತ್ತಾ ಹೋಯಿತು. ಕೊನೆಗೆ 2021ರ ಸೆಪ್ಟೆಂಬರ್ 30ಕ್ಕೆ ನಿಲ್ಲಿಸಿತು. ಅದೂ ತುರ್ತು ಅವಧಿಯೇ. ಆ ಮಕ್ಕಳಿಗೂ ಓಸಿಐ ಬೇಕಿದ್ದರೆ ಬೇರೆ ಅರ್ಜಿಯೇ ಹಾಕಬೇಕಿತ್ತು.

ದೊಡ್ಡಮ್ಮ ಗಡುವು ಮೀರದೆ ಬಂದಿದ್ದರು. ಅರ್ಜಿಯ ರಶೀದಿ, ವಿಮಾನದ ಚೀಟಿ ಎರಡನ್ನೂ ಇಟ್ಟುಕೊಂಡಿದ್ದರು. ಹಾಗಾಗಿ ವೀಸಾ ಕೆಡಲಿಲ್ಲ. 2023ರಲ್ಲಿ ಮತ್ತೆ ಹೋದರು. ಇಳಿದ ದಿನವೇ ಮಗಳ ಕೈಯಲ್ಲಿ ಐ-94 ತೆಗೆಸಿದರು.

"ತಿಂಗಳು ಮೊದಲು, ದಿನ ಆಮೇಲೆ. ಅಲ್ವೇನವ್ವ?" ಎಂದು ಓದಿ, ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕುಂಕುಮದ ಬೊಟ್ಟು ಇಟ್ಟರು.

ಓದಿ, ಲೆಕ್ಕ ಹಾಕಿ

ಒಂದು ಕಾಗದದ ಮೇಲೆ 07/03/2026 ಎಂದಿದೆ. ನಮ್ಮ ರೀತಿಯಲ್ಲಿ ಓದಿ. ಆಮೇಲೆ ಅಮೆರಿಕದ ರೀತಿಯಲ್ಲಿ ಓದಿ. ಎರಡರ ನಡುವೆ ಎಷ್ಟು ತಿಂಗಳ ಅಂತರ ಬಂತು? ಪಕ್ಕದ ಅಕ್ಕನಿಗೆ ಹೇಳಿ.

ನಿಮ್ಮ ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಪುಸ್ತಕ ಮೂರನ್ನೂ ನಾಳೆ ತರಗತಿಗೆ ತನ್ನಿ. ಮೂರರಲ್ಲೂ ನಿಮ್ಮ ಹೆಸರು ಒಂದೇ ರೀತಿ ಇದೆಯೇ? ಒಂದೊಂದೇ ಅಕ್ಷರ ನೋಡಿ ಓದಿ.